ಚನ್ನಗಿರಿಯ ಹುಡುಗನ ಬಾಲ್ಯ ಎಲ್ಲಿ ಹೋಯ್ತು?

ಪೀಟರ್ ಕೇರಿಯ ‘ಟ್ರೂ ಹಿಸ್ಟರಿ ಆಫ್ ದ ಕೆಲಿ ಗ್ಯಾಂಗ್’ ಕಾದಂಬರಿಯ ಕೊನೇ ಪುಟಗಳನ್ನ ಓದಿ ಮುಗಿಸೋ ಹೊತ್ತಿಗೆ ವಿಮಾನ ಸೋಗಾನೆಯಲ್ಲಿ ಇಳೀತಿತ್ತು. 1880ರಲ್ಲಿ ಮೆಲ್ಬರ್ನಿನಲ್ಲಿ ಗಲ್ಲಿಗೇರಿದ ನೆಡ್ ಕೆಲಿ ಇಲ್ಲಿ ತನ್ನ ಕತೆಯನ್ನ ತಾನೇ ಹೇಳ್ತಾನೆ. ಅಪ್ಪ ಐರ್ಲೆಂಡಿನಿಂದ ಗಡೀಪಾರಾಗಿ ಬಂದ ಕೈದಿ. ಮಗ ನೀರಲ್ಲಿ ಮುಳುಗ್ತಿದ್ದ ಒಬ್ಬ ಹುಡುಗನನ್ನ ಉಳಿಸಿದ್ದಕ್ಕೆ ಹಸಿರು ರೇಷ್ಮೆ ಪಟ್ಟಿ ಬಹುಮಾನ ಪಡೆದವನು. ಪೊಲೀಸರ ಜೊತೆಗಿನ ಕೊನೇ ಕಾಳಗದಲ್ಲೂ ಅದನ್ನ ಕಟ್ಟಿಕೊಂಡಿದ್ದ.

ಕಾದಂಬರಿಯ ತೊಂದರೆಯೂ ಇಲ್ಲೇ ಇದೆ. ಬಾಲ್ಯ ಎಷ್ಟು ಆಪ್ತವಾಗಿದೆ ಅಂದ್ರೆ, 1878ರಲ್ಲಿ ಸತ್ತ ಮೂವರು ಪೊಲೀಸರು ನಮಗೆ ಮರೆತೇ ಹೋಗ್ತಾರೆ. ಆದ್ರೂ ಕೇರಿಗೆ ಒಂದು ಆಧಾರ ಇತ್ತು. 1879ರಲ್ಲಿ ಕೆಲಿ ಗೆಳೆಯನ ಕೈಲಿ ಬರೆಸಿದ ಉದ್ದನೆ ಪತ್ರ ಉಳಿದಿದೆ, ಅದರಲ್ಲಿ ಅವನ ದನಿಯೇ ಇದೆ.

ನಮ್ಮ ಕಡೆಯ ಧೋಂಡಿಯಾ ವಾಘ್‌ಗೆ ಅಂಥ ಪತ್ರ ಇಲ್ಲ. 1997ರ ತನಕ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದ ಚನ್ನಗಿರಿಯವನು, ಮರಾಠ, ಹೈದರಾಲಿಯ ಕುದುರೆ ಸೈನ್ಯ ಸೇರಿದ: ಬಾಲ್ಯ, ಯೌವನ ಎಲ್ಲ ಸೇರಿ ಇಷ್ಟೇ. ಆಮೇಲಿನದ್ದು ಧಾರಾಳವಾಗಿ ಸಿಗುತ್ತೆ. ಸೈನ್ಯ ಬಿಟ್ಟು ಸೂರೆಗಿಳಿದದ್ದು, ಟಿಪ್ಪುವಿನ ಸೆರೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬಿಡುಗಡೆ, ಎರಡು ಲೋಕಕ್ಕೂ ಒಡೆಯ ಅನ್ನೋ ಬಿರುದು, 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದೆದುರು ಸಾವು. ಇದರಲ್ಲಿ ಬಹುಪಾಲು ಕೊಂದವರ ಕಾಗದಪತ್ರಗಳಿಂದಲೇ ಬಂದದ್ದು.

ವಿಚಿತ್ರ ನೋಡಿ, ಅವನ ಪುಟ್ಟ ಮಗ ಸಲಾಬತ್ ಖಾನನ ಬಾಲ್ಯ ಮಾತ್ರ ದಾಖಲಾಗಿದೆ. ವೆಲ್ಲೆಸ್ಲಿ ಅವನನ್ನ ಸಾಕಿದ, ಖರ್ಚಿಗೆ ದುಡ್ಡಿಟ್ಟ ಅಂತ. ಅದೂ ಜನರಲ್‌ನ ದೊಡ್ಡ ಮನಸ್ಸಿಗೆ ಸಾಕ್ಷಿಯಾಗಿ.

ಧೋಂಡಿಯಾನನ್ನ ದರೋಡೆಕೋರ ಅನ್ನೋರೂ, ಬ್ರಿಟಿಷರ ಎದುರು ನಿಂತ ಹುಲಿ ಅನ್ನೋರೂ ಕತೆ ಶುರು ಮಾಡೋದು 1799ರಿಂದಲೇ. ಹುಲಿ ಮರಿಯಾಗಿದ್ದಾಗ ಹೇಗಿತ್ತು ಅಂತ ಯಾರೂ ಕೇಳಲ್ಲ. ಹಾಗಂತ ಇಲ್ಲದ ಬಾಲ್ಯವನ್ನ ಕಟ್ಟಿ ಇತಿಹಾಸ ಅಂತ ಮಾರೋದೂ ಬೇಡ. ‘ಇಲ್ಲಿ ಒಂದು ಪುಟ ಕಳೆದಿದೆ’ ಅಂತ ಒಪ್ಪಿಕೊಂಡು ತೀರ್ಪು ಕೊಟ್ಟರೆ ಸಾಕು.

ಸೋಗಾನೆಯಲ್ಲಿ ವಿಮಾನ ನಿಲ್ದಾಣವಷ್ಟೇ ಅಲ್ಲ, ಕೇಂದ್ರ ಕಾರಾಗೃಹವೂ ಇದೆ. ನನ್ನ ಜೊತೆ ಹೈಸ್ಕೂಲು ಓದಿದವನೊಬ್ಬ ಕೆಲವು ತಿಂಗಳು ಅಲ್ಲಿದ್ದ. ಊರಲ್ಲಿ ಅವನ ಕತೆ ಶುರುವಾಗೋದು ಪೊಲೀಸ್ ಜೀಪು ಬಂದ ದಿನದಿಂದ. ಕೆರೇಲಿ ನನಗೆ ಈಜು ಕಲಿಸಿದ್ದು ಅವನೇ ಅನ್ನೋದು ಆ ಕತೆಯಲ್ಲಿಲ್ಲ. ನಾನೂ ಇಲ್ಲೀತನಕ ಹೇಳಿರಲಿಲ್ಲ.