‘ಮಾರ’ನ ಅಕ್ಷರ: ಪೂರ್ವ ಏಷ್ಯಾದ ಭಾಷೆಗಳಲ್ಲಿ ಒಂದು ಶಬ್ದದ ಅರ್ಥವಿಚಾರ

ಚೀನೀ ಲಿಪಿಯನ್ನು ‘ಚಿತ್ರಲಿಪಿ’ ಅಥವಾ ‘ಭಾವಲಿಪಿ’ ಎಂದು ಕರೆಯುವ ವಾಡಿಕೆ ಇಂದಿಗೂ ಉಳಿದಿದೆ. ಅಕ್ಷರದ ಅವಯವಗಳನ್ನು ಬಿಡಿಸಿದರೆ ಅರ್ಥ ತಾನಾಗಿಯೇ ದೊರೆಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಭಾರತೀಯ ಶಬ್ದವೊಂದನ್ನು ಬರೆಯಲೆಂದೇ ರೂಪುಗೊಂಡ ಅಕ್ಷರವೊಂದರ ಮೂಲಕ ಈ ನಂಬಿಕೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂದಿನ ಚೀನೀಯಲ್ಲಿ ‘ಮೊ’ ಎಂದೂ, ಜಪಾನೀ ಮತ್ತು ಕೊರಿಯನ್ ಭಾಷೆಗಳಲ್ಲಿ ‘ಮ’ ಎಂದೂ ಉಚ್ಚರಿಸಲಾಗುವ ಆ ಅಕ್ಷರದ ಮೂಲ ಬೌದ್ಧ ಗ್ರಂಥಗಳ ‘ಮಾರ’.

ಈ ಅಕ್ಷರದಲ್ಲಿ ಎರಡು ಅವಯವಗಳಿವೆ. ಒಂದು, ನಾರಿಗಾಗಿ ಬೆಳೆಯುವ ಭಂಗಿಗಿಡವನ್ನು ಸೂಚಿಸುವ ‘ಮಾ’. ಮತ್ತೊಂದು, ಪ್ರೇತವನ್ನು ಸೂಚಿಸುವ ‘ಗುಯ್’. ಮೊದಲನೆಯದು ಇಲ್ಲಿ ಧ್ವನಿಯನ್ನಷ್ಟೇ ಕೊಡುತ್ತದೆ; ಗಿಡಕ್ಕೂ ಮಾರನಿಗೂ ಯಾವ ಸಂಬಂಧವೂ ಇಲ್ಲ. ಕ್ರಿ.ಶ. 100ರ ಸುಮಾರಿಗೆ ಷು ಷೆನ್ ಸಿದ್ಧಪಡಿಸಿದ ‘ಷುಓವೆನ್ ಜಿಯೆತ್ಸು’ ಕೋಶದ ಮೂಲಪಾಠದಲ್ಲಿ ಈ ಅಕ್ಷರವಿಲ್ಲ. 986ರಲ್ಲಿ ಷು ಷುವಾನ್ ಪರಿಷ್ಕರಿಸಿದಾಗ ಸೇರಿಸಿದ ಅಕ್ಷರಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಇದು ಬೌದ್ಧಧರ್ಮದೊಡನೆ ಬಂದ ಅಕ್ಷರವೆಂಬುದಕ್ಕೆ ಈ ಸಂಗತಿಯೂ ಪೋಷಕವಾಗಿದೆ.

ಹಳೆಯ ಅನುವಾದಗಳಲ್ಲಿ ‘ಅರೆಯುವುದು’ ಎಂಬರ್ಥದ, ಕಲ್ಲಿನ ಅವಯವವುಳ್ಳ ಸಮಧ್ವನಿಯ ಅಕ್ಷರವನ್ನು ಬಳಸಲಾಗುತ್ತಿತ್ತು. ಲಿಯಾಂಗ್ ವಂಶದ ವೂ ಚಕ್ರವರ್ತಿಯ (ಆಳ್ವಿಕೆ 502–549) ಕಾಲದಿಂದ ಕಲ್ಲಿನ ಜಾಗಕ್ಕೆ ಪ್ರೇತ ಬಂದಿತು ಎಂದು ತಿಯೆನ್‌ತಾಯ್ ಪಂಥದ ಚಾನ್‌ರಾನ್ (711–782) ತನ್ನ ವ್ಯಾಖ್ಯಾನದಲ್ಲಿ ಹೇಳುತ್ತಾನೆ. ಚಕ್ರವರ್ತಿಗಿಂತ ಸುಮಾರು ಇನ್ನೂರು ವರ್ಷ ಈಚಿನ ಈ ಹೇಳಿಕೆಯನ್ನು ಇತಿಹಾಸವೆನ್ನುವುದಕ್ಕಿಂತ ಪರಂಪರೆಯ ಮಾತೆಂದು ಸ್ವೀಕರಿಸುವುದು ಯುಕ್ತ. ಆದರೆ ಅವಯವದ ಬದಲಾವಣೆಯೂ ಒಂದು ವ್ಯಾಖ್ಯಾನವೆಂಬ ಅರಿವು ಅಂದಿನ ವಿದ್ವಾಂಸರಿಗಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆ ವ್ಯಾಖ್ಯಾನದ ಸ್ವರೂಪವೇನು? ‘ಮೃ’ ಧಾತುವಿನಿಂದ ನಿಷ್ಪನ್ನವಾದ ಮಾರನು ಸಾವಿನ ಒಡೆಯನೂ ಹೌದು, ಕಾಮದ ಒಡೆಯನೂ ಹೌದು. ಅಶ್ವಘೋಷನ ‘ಬುದ್ಧಚರಿತ’ ಮಾರನನ್ನು ಕಾಮದೇವನೊಡನೆ ಅಭಿನ್ನನೆಂದು ಗುರುತಿಸುತ್ತದೆ. ‘ಅಮರಕೋಶ’ದಲ್ಲಿ ‘ಮಾರ’ ಮನ್ಮಥನ ಹೆಸರಾದರೆ, ‘ಮಾರಜಿತ್’ ಬುದ್ಧನ ಹೆಸರು. ಕನ್ನಡ ಕಾವ್ಯಪರಂಪರೆ ಕಾಮದ ಮುಖವನ್ನೇ ಉಳಿಸಿಕೊಂಡಿತು. ನಮ್ಮ ಕವಿಗಳಿಗೆ ಮಾರನೆಂದರೆ ಹೂಬಾಣದವನು. ಪೂರ್ವ ಏಷ್ಯಾದಲ್ಲಾದರೋ ಪ್ರೇತದ ಅವಯವವು ಓದುಗನನ್ನು ಬೇರೊಂದು ದಿಕ್ಕಿಗೆ ಒಯ್ದಿತು. ಷು ಷುವಾನನ ಪರಿಷ್ಕರಣದಲ್ಲಿ ಈ ಅಕ್ಷರಕ್ಕೆ ಕೊಟ್ಟಿರುವ ಅರ್ಥ ‘ಪ್ರೇತ’ ಎಂದಷ್ಟೇ. ಬೌದ್ಧ ತತ್ತ್ವದ ಮಾರನು ಪ್ರೇತನಲ್ಲ, ದೇವಲೋಕದವನು ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಪಲ್ಲಟವೆಂದು ತಿಳಿಯುತ್ತದೆ.

ಮುಂದಿನ ಅರ್ಥವಿಸ್ತಾರ ಭಾಷೆಯಿಂದ ಭಾಷೆಗೆ ಭಿನ್ನವಾಗಿದೆ. ಚೀನೀಯ ‘ಮೊಷು’ ಮತ್ತು ಕೊರಿಯನ್ನಿನ ‘ಮಸುಲ್’ ಇಂದು ಇಂದ್ರಜಾಲವನ್ನು ಸೂಚಿಸುತ್ತವೆ. ಸಾಧನೆಗೆ ಅಡ್ಡಬರುವ ದುಷ್ಟ ಮಾರನೆಂಬ ಜಪಾನೀ ‘ಜಾಮ’ ಇಂದು ಬರಿಯ ಅಡಚಣೆ. ಅತಿಥಿಯು ಮನೆಯೊಳಗೆ ಕಾಲಿಡುವಾಗ ‘ತೊಂದರೆ ಕೊಡುತ್ತಿದ್ದೇನೆ’ ಎಂದು ವಿನಯದಿಂದ ಹೇಳುವ ‘ಒಜಾಮ ಶಿಮಾಸು’ ಎಂಬ ಮಾತಿನಲ್ಲಿಯೂ ಅದಿದೆ. ಜಪಾನೀಯಲ್ಲಿ ಎರಡಕ್ಷರದ ಪೂರ್ಣರೂಪವಾದ ‘ಮರ’ವು ಭಿಕ್ಷುಗಳ ಗುಪ್ತಭಾಷೆಯಿಂದ ಬಂದು ಪುರುಷೇಂದ್ರಿಯವಾಚಕವಾಯಿತೆಂಬ ನಿಷ್ಪತ್ತಿಯೂ ಪ್ರಚಲಿತವಾಗಿದೆ, ಅದನ್ನು ಒಪ್ಪುವುದಾದರೆ ಮರೆಯಾಗಿದ್ದ ಕಾಮದ ಮುಖ ಇಲ್ಲಿ ಉಳಿದಿದೆ. ವಿಯೆಟ್ನಾಮಿನಲ್ಲಿ ರೋಮನ್ ಲಿಪಿ ಬಂದ ಮೇಲೆ ಅಕ್ಷರ ಬಳಕೆ ತಪ್ಪಿದರೂ, ಇದರ ರೂಪವೆಂದು ಗುರುತಿಸಲಾಗುವ ‘ಮ’ ಭೂತವಾಚಕವಾಗಿ ನಿಂತಿದೆ. ಶವಸಂಸ್ಕಾರಕ್ಕೆ ‘ದಾಮ್ ಮ’ ಎನ್ನುತ್ತಾರೆ. ಆದರೆ ಇದರಲ್ಲಿ ‘ಮೃ’ ಧಾತುವಿನ ನೆನಪನ್ನು ಕಾಣುವುದು ಅವಸರದ ತೀರ್ಮಾನವಾದೀತು. ಭೂತದಿಂದ ಸಾವಿನತ್ತ ಸಾಗಿದ ಈಚಿನ ಬೆಳವಣಿಗೆಯೆಂದು ಅದನ್ನು ವಿವರಿಸುವುದೇ ಸಾಕು.

ಒಟ್ಟಿನಲ್ಲಿ, ಈ ಅಕ್ಷರದ ಹುಟ್ಟಿಗೆ ಕಾರಣ ಧ್ವನಿ. ಅವಯವವು ಹೊರಗಿನಿಂದ ಬಂದ ಶಬ್ದದ ಮೇಲೆ ಅರ್ಥವೊಂದನ್ನು ಹೇರಿತು. ಕೇಶಿರಾಜನಿಂದ ನಾವು ಕಲಿತಿರುವ ತತ್ಸಮ-ತದ್ಭವ ವಿವೇಚನೆ ಧ್ವನಿವ್ಯತ್ಯಾಸವನ್ನು ಗುರುತಿಸುತ್ತದೆ. ಲಿಪಿಯೇ ಅರ್ಥವನ್ನು ಬದಲಿಸುವ ಸಂದರ್ಭಕ್ಕೆ ಆ ಸಾಧನವನ್ನು ವಿಸ್ತರಿಸಬೇಕಾಗುತ್ತದೆ. ಧ್ಯಾನ, ಸಂಘ, ಸ್ತೂಪ ಮೊದಲಾದ ಶಬ್ದಗಳಿಗೆ ದೊರೆತ ಚೀನೀ ಅಕ್ಷರಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸುವ ಕೆಲಸ ನಮ್ಮ ಸಂಶೋಧಕರಿಂದ ಆಗಬೇಕಾಗಿದೆ.