ಭೋಗ್ಯದ ಭೂಮಿ ಮತ್ತು ಕಾಲಮಿತಿ: ಒಂದು ವಿಮರ್ಶೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಎಷ್ಟೋ ಹೊಲಗಳು ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಗದ್ದೆಗಳಾದುವು. ಅವುಗಳ ಬೆಲೆಯೂ ಏರಿತು. ಇಂಥ ಸೀಮೆಯಲ್ಲಿ, ಅಲ್ಪ ಮೊತ್ತಕ್ಕೆ ಭೋಗ್ಯಕ್ಕಿತ್ತ ಜಮೀನನ್ನು ಬಿಡಿಸಿಕೊಳ್ಳುವ ಹಕ್ಕು ಎಲ್ಲಿಯವರೆಗೆ ಉಳಿಯುವುದೆಂಬುದು ಬರಿಯ ಶಾಸ್ತ್ರಚರ್ಚೆಯಲ್ಲ.

ಆಧಾರವನ್ನು ಬಿಡಿಸಿಕೊಳ್ಳುವ ದಾವೆಗೆ 1908ರ ಕಾಲಮಿತಿ ಕಾಯಿದೆಯು 60 ವರ್ಷಗಳನ್ನು ಕೊಟ್ಟಿತ್ತು. 1963ರ ಕಾಯಿದೆಯು ಅದನ್ನು 30ಕ್ಕೆ ಇಳಿಸಿತು. ಆಧಾರದ ಹಣವನ್ನು ವಸೂಲು ಮಾಡುವ ದಾವೆಗಾದರೋ 12 ವರ್ಷ. ಆದರೆ ಅವಧಿಯ ಉದ್ದಕ್ಕಿಂತ ಅದರ ಆರಂಭವೇ ಮುಖ್ಯವೆಂದು ನಮ್ಮ ಮತ. ಹಕ್ಕು ಪ್ರಾಪ್ತವಾದಂದಿನಿಂದ ಎಣಿಸಬೇಕೆಂಬುದು ಕಾಯಿದೆಯ ವಿಧಿ. ಪತ್ರದ ತಾರೀಖಿನಿಂದ ಎಂದಲ್ಲ. ಭೋಗ್ಯದಲ್ಲಿ ಸಾಲವು ಜಮೀನಿನ ಉತ್ಪನ್ನದಿಂದಲೋ, ಬಾಕಿಯನ್ನು ಸಲ್ಲಿಸಿ ಅಥವಾ ಠೇವಣಿಯಿಟ್ಟೋ ತೀರಿದ ಮೇಲೆಯೇ ಗಣನೆ ಮೊದಲಾಗುವುದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ತೀರ್ಮಾನಿಸಿತು.

ಇದರಿಂದ ವ್ಯಾಜ್ಯಗಳಿಗೆ ಕೊನೆಯೇ ಇಲ್ಲದಂತಾಗುವುದೆಂಬ ಆಕ್ಷೇಪಣೆಯುಂಟು. ಅದನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಅಷ್ಟು ಕಾಲವೂ ಭೋಗ್ಯದಾರನು ಬೆಳೆಯನ್ನು ಉಂಡಿರುತ್ತಾನೆ. ಉಂಡ ವರ್ಷಗಳೇ ಅವನಿಗೆ ಒಡೆತನವನ್ನು ತಂದುಕೊಡುವುದು ನ್ಯಾಯವಲ್ಲ. ನಿಜವಾದ ತೊಡಕು ಬೇರೆ: ಬೆಳೆಯು ಬಡ್ಡಿಗೆ ಮಾತ್ರ ಸಂದಿತೋ, ಅಸಲಿಗೂ ಸಂದಿತೋ? ಇದನ್ನು ಹೇಳುವುದು ಪತ್ರದ ಒಕ್ಕಣೆ. ಆದುದರಿಂದ ವಿದ್ಯಾರ್ಥಿಗಳು ತಾರೀಖನ್ನು ನೋಡುವ ಮೊದಲು ಒಕ್ಕಣೆಯನ್ನು ಓದತಕ್ಕದ್ದು.