ಡ್ರಾಕುಲಾ ಕೇಳುವುದು ತಣ್ಣನೆಯ ರಾತ್ರಿ

ಡ್ರಾಕುಲಾ ಆರ್ಕಿಡ್ ಕುಟುಂಬದ ಒಂದು ಕುಲ. ಇದರ 120ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲಿನವು ಈಕ್ವೆಡಾರ್ ಮತ್ತು ಕೊಲಂಬಿಯಾದ ಆಂಡಿಸ್ ಇಳಿಜಾರುಗಳಲ್ಲಿ, ಹೆಚ್ಚಾಗಿ 1,500ರಿಂದ 2,500 ಮೀಟರ್ ಎತ್ತರದಲ್ಲಿ, ಪಾಚಿ ಹೊದ್ದ ಮರಗಳ ಕೆಳಕೊಂಬೆಗಳ ಮೇಲೆ ಬೆಳೆಯುತ್ತವೆ. ಮೋಡ ಕಾಡಿನೊಳಗೇ ಹರಿದಾಡುವ ಜಾಗ ಅದು. ಸಮಭಾಜಕ ವೃತ್ತದ ಮಗ್ಗುಲಲ್ಲೇ ಹುಟ್ಟಿದ್ದರೂ ಈ ಗಿಡಕ್ಕೆ ಸೆಕೆ ಎಂದರೇನೆಂದು ಗೊತ್ತಿಲ್ಲ.

ಹೂವಿನಲ್ಲಿ ಕಣ್ಣಿಗೆ ಬೀಳುವ ಮೂರು ಅಗಲ ಎಸಳುಗಳು ನಿಜವಾಗಿ ಪುಷ್ಪಪತ್ರಗಳು. ಬುಡದಲ್ಲಿ ಕೂಡಿಕೊಂಡು ಬಟ್ಟಲಿನಂತಾಗಿ, ತುದಿಯಲ್ಲಿ ಉದ್ದ ಬಾಲಗಳಾಗಿ ಇಳಿಬೀಳುತ್ತವೆ. ನಿಜವಾದ ದಳಗಳಲ್ಲಿ ಎರಡು ನಡುವಿನ ಚುಕ್ಕೆಗಳಷ್ಟೇ, ಮೂರನೆಯದು ತುಟಿ ಎನಿಸಿಕೊಂಡ ಕೆಳದಳ. ಡ್ರಾಕುಲಾ ಸಿಮಿಯಾದಲ್ಲಿ ಈ ಎರಡು ಚುಕ್ಕೆಗಳು ಕಣ್ಣಿನಂತೆಯೂ ಕೆಳಗಿನ ತುಟಿ ಬಾಯಿಯಂತೆಯೂ ತೋರಿ, ಕೋತಿಮುಖದ ಆರ್ಕಿಡ್ ಎಂದು ಅದು ಜಗತ್ತೆಲ್ಲ ಹೆಸರಾಗಿದೆ. ಕೋತಿಯನ್ನು ಕಾಣುವವರು ಮನುಷ್ಯರು ಮಾತ್ರ. ಹೂವು ಕರೆಯುವುದು ಅಣಬೆಯನ್ನು ಹುಡುಕಿ ಬರುವ ಸಣ್ಣ ನೊಣಗಳನ್ನು. ಹಲವು ಪ್ರಭೇದಗಳ ತುಟಿಯಲ್ಲಿ ಅಣಬೆಯ ಅಡಿಭಾಗದಲ್ಲಿರುವಂಥ ಗೀರುಗಳಿವೆ, ಅಣಬೆಯ ವಾಸನೆಯೂ ಇದೆ. ಈಕ್ವೆಡಾರ್‌ನ ಲಾಸ್ ಸೆಡ್ರೋಸ್ ಅರಣ್ಯದಲ್ಲಿ ಸಂಶೋಧಕರು ಡ್ರಾಕುಲಾ ಲಾಫ್ಲೂರಿಯ ಕೃತಕ ಹೂಗಳನ್ನು ತ್ರೀ-ಡಿ ಮುದ್ರಣದ ನೆರವಿನಿಂದ ಮಾಡಿ, ಅಸಲಿ ಭಾಗಕ್ಕೆ ನಕಲಿ ಭಾಗ ಜೋಡಿಸಿ ನೋಡಿದರು. ತುಟಿಯ ವಾಸನೆ, ಪುಷ್ಪಪತ್ರದ ಬಣ್ಣ ಮತ್ತು ಚಿತ್ತಾರ ಒಟ್ಟುಗೂಡಿ ನೊಣವನ್ನು ಸೆಳೆಯುತ್ತವೆ ಎಂದು ತೋರಿಸಿದ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಯುರೋಪಿನ ಸಸ್ಯಶಾಸ್ತ್ರಕ್ಕೆ ಈ ಗುಂಪು ಪರಿಚಯವಾದದ್ದು 19ನೇ ಶತಮಾನದಲ್ಲಿ. ಕೊಲಂಬಿಯಾದ ಒಂದು ಪ್ರಭೇದಕ್ಕೆ ಜರ್ಮನ್ ಸಸ್ಯಶಾಸ್ತ್ರಜ್ಞ ರೈಕೆನ್‌ಬಾಕ್ 1872ರಲ್ಲಿ ಮಸ್ಡೆವಾಲಿಯಾ ಕೈಮೇರಾ ಎಂದು ಹೆಸರಿಟ್ಟ. ಅದನ್ನೂ ಅದರ ಬಂಧುಗಳನ್ನೂ ಬೇರ್ಪಡಿಸಿ ಡ್ರಾಕುಲಾ ಎಂಬ ಹೊಸ ಕುಲ ಕಟ್ಟಿದವರು ಅಮೆರಿಕದ ಕಾರ್ಲೈಲ್ ಲೂಯರ್, 1978ರಲ್ಲಿ. 19ನೇ ಶತಮಾನದ ಇಂಗ್ಲೆಂಡಿನ ಸಿರಿವಂತರು ಉಷ್ಣವಲಯದಿಂದ ಬಂದ ಆರ್ಕಿಡ್‌ಗಳನ್ನೆಲ್ಲ ಕಲ್ಲಿದ್ದಲು ಉರಿಸಿ ಕಾಯಿಸಿದ ಗಾಜಿನ ಮನೆಗಳಲ್ಲಿ ಇಟ್ಟು ಬೇಯಿಸಿದರು. ಬೆಟ್ಟದ ಆರ್ಕಿಡ್‌ಗಳಿಗೆ ತಂಪು ಬೇಕೆಂದು ಒತ್ತಿ ಹೇಳಿದವರಲ್ಲಿ ಓಡಾಂಟೊಗ್ಲಾಸಮ್ ಎಂಬ ಬೆಟ್ಟದ ಆರ್ಕಿಡ್‌ಗಳ ಬಗ್ಗೆ ದೊಡ್ಡ ಸಚಿತ್ರ ಗ್ರಂಥ ಬರೆದ ಜೇಮ್ಸ್ ಬೇಟ್‌ಮನ್ ಪ್ರಮುಖ. ಆ ಪಾಠ ಇನ್ನೂ ಹಳೆಯದಾಗಿಲ್ಲ. ಇಂದಿಗೂ ಸಾಯುವ ಡ್ರಾಕುಲಾಗಳಲ್ಲಿ ಹೆಚ್ಚಿನವು ಸಾಯುವುದು ಸೆಕೆಯಿಂದಲೇ.

ಮನೆಯಲ್ಲಿ ಬೆಳೆಸುವವರು ಮೊದಲು ನೋಡಬೇಕಾದದ್ದು ರಾತ್ರಿಯ ಉಷ್ಣಾಂಶ. ಹಗಲಿಗೆ 18ರಿಂದ 24 ಡಿಗ್ರಿ, ರಾತ್ರಿಗೆ 10ರಿಂದ 14 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಿಡ ನೆಮ್ಮದಿಯಾಗಿರುತ್ತದೆ. ಹಗಲು ಒಂದಷ್ಟು ಹೊತ್ತು 27ಕ್ಕೆ ಏರಿದರೂ ತಾಳಿಕೊಳ್ಳುತ್ತದೆ, ರಾತ್ರಿ ಮತ್ತೆ ಇಳಿಯಬೇಕು ಅಷ್ಟೇ. ಕಾರಣ ಸರಳ. ಕತ್ತಲಲ್ಲಿ ಗಿಡ ಉಸಿರಾಡುತ್ತ ಹಗಲು ತಯಾರಿಸಿದ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಸೆಕೆ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಕ್ಯಾಟ್ಲಿಯಾ, ಡೆಂಡ್ರೋಬಿಯಂಗಳಿಗೆ ದಪ್ಪ ಕಾಂಡದಲ್ಲಿ ಉಳಿತಾಯವಿರುತ್ತದೆ. ಡ್ರಾಕುಲಾಗೆ ಅಂಥ ಕಾಂಡವಿಲ್ಲ, ಮೆದು ಎಲೆ ಮತ್ತು ಸಣ್ಣ ಬೇರುಗಳೇ ಅದರ ಆಸ್ತಿಯೆಲ್ಲ. ಬೆಂಗಳೂರಿನ ಏಪ್ರಿಲ್ ರಾತ್ರಿ 20 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ನಮಗೆ ಹಿತವಾದ ಆ ತಂಪು ಈ ಗಿಡಕ್ಕೆ ಜ್ವರ. ಸಹ್ಯಾದ್ರಿಯ ಸೀತಾಳೆ ದಂಡೆ ಆರ್ಕಿಡ್ ಬಾಲ್ಕನಿಯಲ್ಲಿ ಹೂಬಿಟ್ಟಿತೆಂಬ ಧೈರ್ಯದಲ್ಲಿ ಇದನ್ನು ಪಕ್ಕದಲ್ಲಿ ತೂಗುಹಾಕುವಂತಿಲ್ಲ. ಡಿಸೆಂಬರ್, ಜನವರಿಯ ಹೊರಗಿನ ಗಾಳಿಯೇನೋ ನೆರವಿಗೆ ಬರುತ್ತದೆ. ಉಳಿದ ತಿಂಗಳುಗಳಿಗೆ ಯಂತ್ರ ಬೇಕು.

ಹವ್ಯಾಸಿಗಳು ಕಂಡುಕೊಂಡ ಯಂತ್ರ, ವೈನ್ ಬಾಟಲಿ ಇಡುವ ಗಾಜಿನ ಬಾಗಿಲಿನ ಫ್ರಿಜ್. ಅದು 10ರಿಂದ 18 ಡಿಗ್ರಿಯ ನಡುವೆ ನಿಲ್ಲುವಂತೆಯೇ ತಯಾರಾದದ್ದು. ಕಂಪ್ರೆಸರ್ ಇಲ್ಲದ ಅಗ್ಗದ ಮಾದರಿಗಳು ಕೋಣೆಗಿಂತ ಒಂದಿಷ್ಟು ಡಿಗ್ರಿ ಮಾತ್ರ ಇಳಿಸಬಲ್ಲವು, ನಮ್ಮ ಬೇಸಿಗೆಯಲ್ಲಿ ಕೈಕೊಡುತ್ತವೆ. ಕಂಪ್ರೆಸರ್ ಇರುವುದನ್ನೇ ಕೊಳ್ಳುವುದು ಲೇಸು. ಆದರೆ ಅದರಲ್ಲೂ ಒಂದು ತೊಡಕಿದೆ: ತಣ್ಣನೆಯ ಕೊಳವೆಯ ಮೇಲೆ ಗಾಳಿಯ ತೇವವೆಲ್ಲ ಹನಿಗಟ್ಟಿ ಸೋರಿಹೋಗುತ್ತದೆ. ತಂಪು ಕೊಡುವ ಯಂತ್ರವೇ ಗಾಳಿಯನ್ನು ಒಣಗಿಸುತ್ತದೆ. ಡ್ರಾಕುಲಾಗೆ ಬೇಕಾದದ್ದು ಶೇ 80ರ ಆಸುಪಾಸಿನ ಆರ್ದ್ರತೆ. ಶೇ 50ಕ್ಕೆ ಇಳಿದರೆ ಅರಳಿದ ಹೂವು ಕೆಲವೇ ಗಂಟೆಗಳಲ್ಲಿ ಜೋತು ಮುದುಡುತ್ತದೆ. ಹಾಗಾಗಿ ಒಳಗೆ ಮಂಜು ಚಿಮ್ಮುವ ಅಲ್ಟ್ರಾಸಾನಿಕ್ ಫಾಗರ್ ಇಟ್ಟು ಟೈಮರ್‌ಗೆ ಜೋಡಿಸುವುದು ರೂಢಿ. ಜೊತೆಗೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದು ಹಗಲೂ ರಾತ್ರಿ ತಿರುಗುತ್ತಿರಬೇಕು. ತೇವ ತುಂಬಿದ ಗಾಳಿ ನಿಂತಲ್ಲೇ ನಿಂತರೆ ಎಲೆಯ ಬುಡ ಕೊಳೆಯುತ್ತದೆ. ಕರೆಂಟ್ ಹೋದ ರಾತ್ರಿಗೆಂದು ಫ್ರೀಜರಿನಲ್ಲಿ ನಾಲ್ಕು ನೀರಿನ ಬಾಟಲಿ ಹೆಪ್ಪುಗಟ್ಟಿಸಿ ಇಟ್ಟಿರುವುದು ಜಾಣತನ.

ನೀರಿನ ವಿಷಯದಲ್ಲಿ ಗಿಡ ಮಹಾ ಮಡಿವಂತ. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಲವಣ ಬೇರಿನ ಸುತ್ತ ತುಂಬಿದ ಪಾಚಿಯಲ್ಲಿ ಸೇರುತ್ತ ಹೋಗಿ, ಕೊನೆಗೆ ಎಲೆಯ ತುದಿ ಕಪ್ಪಾಗಿ, ಆ ಕಪ್ಪು ಕೆಳಗೆ ಹಬ್ಬುತ್ತದೆ. ಮಳೆನೀರು ಅಥವಾ ಆರ್.ಓ. ನೀರು ಮಾತ್ರ ಆಗಬಹುದು. ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗಕ್ಕೆ ತೆಳುಮಾಡಿ ಕೊಡಬೇಕು, ನಡುನಡುವೆ ಬರಿ ನೀರು ಹರಿಸಿ ತೊಳೆಯಬೇಕು. ಬೇರು ಎಂದೂ ಪೂರ್ತಿ ಒಣಗಬಾರದು.

ಬೆಳಕು ಕಷ್ಟದ ಮಾತಲ್ಲ. ನೆರಳಿನ ಗಿಡವಾದ್ದರಿಂದ ಸಾಧಾರಣ ಎಲ್‌ಇಡಿ ಪಟ್ಟಿ ದಿನಕ್ಕೆ 12 ಗಂಟೆ ಉರಿದರೆ ಸಾಕು.

ಕುಂಡದಲ್ಲಿ ಮಾತ್ರ ಹೊಸಬರು ಎಡವುತ್ತಾರೆ. ಬಹುತೇಕ ಡ್ರಾಕುಲಾಗಳ ಹೂದಂಟು ಮೇಲಕ್ಕೆ ಏಳದೆ ಬುಡದಿಂದ ನೇರ ಕೆಳಕ್ಕೆ ತೂರುತ್ತದೆ. ಅಡಿ ಮುಚ್ಚಿದ ಕುಂಡದಲ್ಲಿ ಅದು ಪಾಚಿಯೊಳಗೇ ತಡಕಾಡಿ ಕೊಳೆಯುತ್ತದೆ, ಸಾಕಿದವರಿಗೆ ಮೊಗ್ಗು ಬಂದದ್ದೇ ತಿಳಿಯುವುದಿಲ್ಲ. ಮರದ ಪಟ್ಟಿಯ ಅಥವಾ ಜಾಲರಿಯ ಬುಟ್ಟಿಯಲ್ಲಿ ಸ್ಫ್ಯಾಗ್ನಮ್ ಪಾಚಿಯನ್ನು ಸಡಿಲವಾಗಿ ತುಂಬಿ ತೂಗುಹಾಕಿದರೆ ದಂಟು ಸಂದಿಯಿಂದ ಇಣುಕಿ ಹೊರಬರುತ್ತದೆ. ಮೊಗ್ಗು ಮೊದಲು ಮೂರು ಏಣಿನ ಸಣ್ಣ ಪೊಟ್ಟಣದಂತಿದ್ದು, ಏಣುಗಳು ಬಿರಿದು ಬಾಲಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಪಾಚಿ ಹಳತಾಗಿ ಮೆತ್ತಗಾಗುವ ಮೊದಲೇ, ವರ್ಷಕ್ಕೊಮ್ಮೆ ಚಳಿಗಾಲದಲ್ಲಿ, ಬದಲಿಸುವುದು ವಾಡಿಕೆ.

ಕೊಳ್ಳುವಾಗ ಎಚ್ಚರ ಬೇಕು. ಕೋತಿಮುಖದ ಆರ್ಕಿಡ್ ಬೀಜವೆಂದು ಆನ್‌ಲೈನಿನಲ್ಲಿ ಮಾರುವ ಪೊಟ್ಟಣಗಳು ಶುದ್ಧ ಮೋಸ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮಣ್ಣಿಗೆ ಹಾಕಿದರೆ ಮೊಳೆಯುವುದಿಲ್ಲ. ಕಾಡಿನಲ್ಲಿ ಅದಕ್ಕೆ ಶಿಲೀಂಧ್ರದ ಆಸರೆ ಬೇಕು, ಪ್ರಯೋಗಾಲಯದಲ್ಲಿ ಸಕ್ಕರೆ ಬೆರೆಸಿದ ಅಗಾರ್ ಬೇಕು. ಆರ್ಕಿಡ್ ಕುಟುಂಬವಿಡೀ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ ವಿದೇಶದಿಂದ ಗಿಡ ತರಿಸಲು ಕಾಗದಪತ್ರ ಕಡ್ಡಾಯ. ಮೊದಲ ಗಿಡಕ್ಕೆ ಕಪ್ಪು ಗೀರುಗಳ ಡ್ರಾಕುಲಾ ವ್ಯಾಂಪಿರಾವನ್ನು ಬಯಸುವುದು ಸಹಜ. ಆದರೆ ಮೊದಲು ಒಂದು ಬೇಸಿಗೆ ಹತ್ತಿರದ ಕುಲವಾದ ಮಸ್ಡೆವಾಲಿಯಾದ ಮಿಶ್ರತಳಿಯೊಂದನ್ನು ಬದುಕಿಸಿ ಕಲಿಯುವುದು ಲೇಸು, ಏಕೆಂದರೆ ಸೆಕೆ ತಾಳುವಂತೆ ಬೆಸೆದ ಮಿಶ್ರತಳಿಗಳು ಸಣ್ಣಪುಟ್ಟ ತಪ್ಪನ್ನು ಸಹಿಸುತ್ತವೆ.

ಹೂವು ಬಾಡಿದ ಕೂಡಲೇ ದಂಟನ್ನು ಕತ್ತರಿಸಬಾರದು. ಅನೇಕ ಪ್ರಭೇದಗಳು ಅದೇ ದಂಟಿನಲ್ಲಿ ಒಂದಾದ ಮೇಲೊಂದು ಹೂ ಬಿಡುತ್ತವೆ. ಹಸಿರು ಉಳಿದಿರುವವರೆಗೆ ಅದನ್ನು ಮುಟ್ಟದೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಬುಡಕ್ಕೆ ಕತ್ತರಿ ಹಾಕಬಹುದು.